ಪದಕದ ಹಿಂಬದಿ: ಕಂಚಿನ ಭಾವಚಿತ್ರ ಪದಕಗಳ ಕಲೆ ಮತ್ತು ಸಂಕೇತ



ಈ ಸಲದ ದತ್ತಿ ಉಪನ್ಯಾಸಕ್ಕೆ ಪದಕಗಳ ವಿಷಯ ಆರಿಸಿಕೊಂಡಿದ್ದೇನೆ ಎಂದಾಗ ಸ್ನೇಹಿತರೊಬ್ಬರು, "ಈ ಸಲ ಯಾರಿಗೆ ಕೊಡ್ತಾರಂತೆ?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಪದಕವೆಂದರೆ ಘಟಿಕೋತ್ಸವದಲ್ಲಿ ಕೊಡುವ ಚಿನ್ನದ ಪದಕ, ಇಲ್ಲವೆ ಸೈನಿಕರ, ಪೊಲೀಸರ ಎದೆಯ ಮೇಲಿನ ಪದಕ. ಗೆದ್ದವರೊಬ್ಬರು, ಕೊಟ್ಟವರೊಬ್ಬರು ಇದ್ದೇ ಇರುತ್ತಾರೆ. ನಾನು ಮಾತಾಡಹೊರಟಿರುವ ಪದಕವನ್ನು ಯಾರೂ ಗೆಲ್ಲಬೇಕಾಗಿರಲಿಲ್ಲ, ಎದೆಗೆ ಚುಚ್ಚಿಕೊಳ್ಳಬೇಕಾಗಿಯೂ ಇರಲಿಲ್ಲ. ಹದಿನೈದನೆಯ ಶತಮಾನದ ಇಟಲಿಯಲ್ಲಿ ರೂಪುಗೊಂಡ ಈ ವಸ್ತು ಅಂಗೈ ತುಂಬುವಷ್ಟು ಅಗಲದ ಒಂದು ಕಂಚಿನ ಬಿಲ್ಲೆ. ಒಂದು ಬದಿಯಲ್ಲಿ ಒಬ್ಬರ ಮುಖ, ಸುತ್ತ ಅವರ ಹೆಸರು. ತಿರುಗಿಸಿದರೆ ಇನ್ನೊಂದು ಚಿತ್ರ: ಒಂದು ಪ್ರಾಣಿ, ಒಂದು ಬೆಟ್ಟ, ಒಂದು ಕಣ್ಣು, ಏನು ಬೇಕಾದರೂ ಇರಬಹುದು. ಮಾಡಿಸಿದವರು ಇದನ್ನು ಗೆಳೆಯರಿಗೆ, ನೆಂಟರಿಗೆ, ಬೇರೆ ಅರಮನೆಗಳಿಗೆ ಕಾಣಿಕೆಯಾಗಿ ಕಳಿಸುತ್ತಿದ್ದರು. ಪಡೆದವರು ಪೆಟ್ಟಿಗೆಯಲ್ಲಿಟ್ಟುಕೊಂಡು, ಬಂದವರಿಗೆ ತೆಗೆದು ತೋರಿಸುತ್ತಿದ್ದರು. ಅದು ಕೈಯಿಂದ ಕೈಗೆ ಹೋಗುವ ಭಾವಚಿತ್ರ.

ಭಾವಚಿತ್ರವೆಂದ ಕೂಡಲೆ ಎಲ್ಲರೂ ಮುಖವನ್ನು ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕಲೆಯ ಜೀವ ಹಿಂಬದಿಯಲ್ಲಿದೆ. ಮುಂಬದಿ ಒಬ್ಬ ಮನುಷ್ಯ ಹೇಗೆ ಕಾಣುತ್ತಿದ್ದನೆಂದು ಹೇಳುತ್ತದೆ. ಅವನು ತನ್ನ ಬಗ್ಗೆ ಏನು ನಂಬಿದ್ದ, ಏನನ್ನು ನಂಬಿಸಲು ಬಯಸಿದ್ದ ಎಂಬುದು ಹಿಂಬದಿಯಲ್ಲಿದೆ. ಎರಡನ್ನೂ ಒಟ್ಟಿಗೆ ನೋಡಲು ಬರುವುದಿಲ್ಲ. ಮುಖವನ್ನು ನೆನಪಿನಲ್ಲಿಟ್ಟುಕೊಂಡೇ ಚಿತ್ರವನ್ನು ನೋಡಬೇಕು, ಚಿತ್ರ ನೋಡಿದ ಮೇಲೆ ಮತ್ತೆ ಮುಖಕ್ಕೆ ಬರಬೇಕು. ಒಳ್ಳೆಯ ಪದಕದಲ್ಲಿ ಎರಡನೆಯ ಸಲ ನೋಡುವ ಮುಖ ಮೊದಲ ಸಲ ನೋಡಿದ್ದಕ್ಕಿಂತ ಬೇರೆಯಾಗಿರುತ್ತದೆ. ವಸ್ತುಸಂಗ್ರಹಾಲಯಗಳ ಮೇಲೆ ನನಗಿರುವ ಸಿಟ್ಟಿಗೆ ಇದೇ ಕಾರಣ. ಗಾಜಿನ ಪೆಟ್ಟಿಗೆಯೊಳಗೆ ಬಟ್ಟೆ ಹಾಸಿ, ಪದಕವನ್ನು ಮೊಳೆಗಳ ನಡುವೆ ಕೂರಿಸಿ, ಮುಖ ಮೇಲೆ ಮಾಡಿ ಇಟ್ಟುಬಿಡುತ್ತಾರೆ. ಅರ್ಧ ಕೃತಿಯನ್ನು ಮುಚ್ಚಿಟ್ಟು ಪ್ರದರ್ಶನವೆನ್ನುತ್ತಾರೆ!

ಇರಲಿ. ಮೊದಲ ಪದಕಕ್ಕೆ ಬರೋಣ.

1438ರ ವಸಂತದಲ್ಲಿ ಬೈಜಾಂಟಿಯಂ ಚಕ್ರವರ್ತಿ ಎಂಟನೆಯ ಜಾನ್ ಪಾಲಿಯೋಲೊಗಸ್ ಇಟಲಿಯ ಫೆರಾರಾ ಪಟ್ಟಣಕ್ಕೆ ಬಂದ. ಅವನ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಮುತ್ತಿಗೆಯ ಭಯದಲ್ಲಿತ್ತು. ಸಾಮ್ರಾಜ್ಯವೆಂದು ಹೆಸರಿಗಿದ್ದರೂ ಉಳಿದಿದ್ದದ್ದು ಆ ನಗರ, ಅದರ ಸುತ್ತಮುತ್ತಲ ಒಂದಿಷ್ಟು ನೆಲ ಮತ್ತು ಗ್ರೀಸಿನ ಕೆಲವು ಭಾಗ. ಪಶ್ಚಿಮದ ದೊರೆಗಳ ಸೈನ್ಯ ಬೇಕೆಂದರೆ ಪೋಪನ ಒಪ್ಪಿಗೆ ಬೇಕು, ಪೋಪನ ಒಪ್ಪಿಗೆ ಬೇಕೆಂದರೆ ಗ್ರೀಕ್ ಚರ್ಚು ರೋಮಿನೊಂದಿಗೆ ಒಂದಾಗಬೇಕು. ಅದಕ್ಕಾಗಿ ಕರೆದ ಧರ್ಮಸಭೆಗೆ ಬಿಷಪ್ಪರು, ಪಂಡಿತರು, ಸೇವಕರು ಸೇರಿ ಸುಮಾರು 700 ಜನರ ಪರಿವಾರದೊಂದಿಗೆ ಚಕ್ರವರ್ತಿ ಬಂದಿಳಿದಿದ್ದ. ಪಂಡಿತರ ವಾದ ತಿಂಗಳುಗಟ್ಟಲೆ ಎಳೆಯಿತು. ಚಕ್ರವರ್ತಿಗೆ ಬೇಟೆಯ ಹುಚ್ಚು. ಪರಿವಾರದಲ್ಲಿದ್ದ ಸಿರೊಪುಲೋಸ್ ಎಂಬ ಗ್ರೀಕ್ ಪಾದ್ರಿ ತನ್ನ ನೆನಪುಗಳಲ್ಲಿ ಬರೆದಿರುವಂತೆ, ಈ ದೊರೆಯ ಬೇಟೆಯಿಂದ ರೈತರ ಹೊಲ ಹಾಳಾಗುತ್ತಿದೆ, ತಾನು ತಂದು ಬಿಟ್ಟಿದ್ದ ಪ್ರಾಣಿಪಕ್ಷಿ ಮುಗಿಯುತ್ತಿವೆ ಎಂದು ಫೆರಾರಾದ ಅರಸನೇ ದೂರಿಕೊಳ್ಳಬೇಕಾಯಿತು. ಅತಿಥಿ ಮಾತ್ರ ಬೇಟೆ ಬಿಡಲಿಲ್ಲ.

ಆಗ ಆ ಅರಮನೆಯ ಒಡನಾಟದಲ್ಲಿದ್ದ ಚಿತ್ರಕಾರ ಆಂತೋನಿಯೊ ಪಿಸಾನೊ. ಜನರ ಬಾಯಲ್ಲಿ ಪಿಸಾನೆಲ್ಲೊ. ವೆರೋನಾದಲ್ಲಿ ಬೆಳೆದವನು. ಭಿತ್ತಿಚಿತ್ರಗಳಿಗೆ, ಅದಕ್ಕಿಂತ ಹೆಚ್ಚಾಗಿ ಪ್ರಾಣಿಗಳ ರೇಖಾಚಿತ್ರಗಳಿಗೆ ಹೆಸರಾದವನು. ಚಕ್ರವರ್ತಿಯನ್ನೂ ಅವನ ಜನರನ್ನೂ ಅವನು ಕಣ್ಣಾರೆ ಕಂಡು ಗೀಚಿಕೊಂಡ ಹಾಳೆಗಳು ಪ್ಯಾರಿಸಿನ ಲೂವ್ರ್‌ನಲ್ಲೂ ಶಿಕಾಗೋದಲ್ಲೂ ಉಳಿದಿವೆ. ಆ ಭೇಟಿಯ ಫಲವಾಗಿ ಹುಟ್ಟಿದ್ದು ಸುಮಾರು 10 ಸೆಂಟಿಮೀಟರ್ ಅಗಲದ ಒಂದು ಪದಕ. ಹೊಸ ಯುರೋಪಿನ ಮೊದಲ ನಿಜವಾದ ಭಾವಚಿತ್ರ ಪದಕವೆಂದು ಇದನ್ನೇ ಎಣಿಸುವುದು ವಾಡಿಕೆ.

ಮುಂಬದಿಯಲ್ಲಿ ಚಕ್ರವರ್ತಿಯ ಪಕ್ಕನೋಟ. ಚೂಪು ಗಡ್ಡ, ಹೆಗಲ ಮೇಲೆ ಸುರುಳಿಗೂದಲು, ತಲೆಯ ಮೇಲೆ ಗೋಪುರದಂತೆ ಏರಿದ ಟೊಪ್ಪಿಗೆ. ಅದರ ಅಂಚು ಹಿಂದೆ ಮಡಿಚಿ ಮೇಲೆದ್ದಿದೆ, ಮುಂದೆ ಹಡಗಿನ ಮೂತಿಯಂತೆ ಚಾಚಿಕೊಂಡಿದೆ. ಸುತ್ತಲೂ ಗ್ರೀಕ್ ಅಕ್ಷರಗಳಲ್ಲಿ ಅವನು ರೋಮನರ ಚಕ್ರವರ್ತಿ ಎಂಬ ಬಿರುದು. ಇಷ್ಟನ್ನು ನೋಡಿದವನಿಗೆ ವೈಭವವೇ ಕಾಣುವುದು. ತಿರುಗಿಸಿ. ಬಂಡೆಗಳಿಂದ ತುಂಬಿದ ಬೋಳು ನೆಲ, ದಾರಿಯ ಪಕ್ಕ ಒಂದು ಶಿಲುಬೆ. ಅದೇ ಟೊಪ್ಪಿಗೆಯ ಮನುಷ್ಯ ಬಿಲ್ಲು ಬತ್ತಳಿಕೆ ಹೊತ್ತು ಕುದುರೆಯ ಮೇಲೆ ಕೂತೇ ಕೈಜೋಡಿಸಿದ್ದಾನೆ. ಎಡಕ್ಕೆ ಅವನ ಸೇವಕ ಹುಡುಗ ಇನ್ನೊಂದು ಕುದುರೆಯ ಮೇಲೆ ನಮಗೆ ಬೆನ್ನು ಹಾಕಿ ಹೊರಟಿದ್ದಾನೆ. ಕುದುರೆಯ ಹಿಂಭಾಗವೇ ನಮ್ಮೆದುರು! ಚಕ್ರವರ್ತಿಯ ಪದಕದಲ್ಲಿ ಹೀಗೊಂದು ಕುದುರೆಯ ಪೃಷ್ಠ ಕೂರಿಸುವ ಧೈರ್ಯ ಪಿಸಾನೆಲ್ಲೊಗೆ ಮಾತ್ರ ಇತ್ತು. ಆ ಒಂದೇ ಆಕೃತಿಯಿಂದ, ಬೆರಳಿನಷ್ಟೂ ಆಳವಿಲ್ಲದ ಕಂಚಿನಲ್ಲಿ ಒಂದು ಕಣಿವೆ ತೆರೆದುಕೊಳ್ಳುತ್ತದೆ.

ಅವನು ಬೇಟೆಗೆ ಹೊರಟವನೋ, ದೇವರ ಸಹಾಯ ಬೇಡಲು ನಿಂತವನೋ? ಎರಡೂ ಹೌದು. ಫೆರಾರಾದ ಜನ ಕಂಡ ಬೇಟೆಗಾರನನ್ನು ಪಿಸಾನೆಲ್ಲೊ ಮುಚ್ಚಿಡಲಿಲ್ಲ. ಆ ಬೇಟೆಯ ನಡುವೆಯೇ ಒಂದು ಪ್ರಾರ್ಥನೆಯನ್ನು ಇಟ್ಟ. 1439ರ ಜುಲೈನಲ್ಲಿ ಫ್ಲಾರೆನ್ಸಿನಲ್ಲಿ ಚರ್ಚುಗಳ ಐಕ್ಯ ಘೋಷಣೆಯಾಯಿತು, ಊರಿಗೆ ಮರಳಿದ ಮೇಲೆ ಜನ ಅದನ್ನು ಒಪ್ಪಲಿಲ್ಲ, 1448ರಲ್ಲಿ ಚಕ್ರವರ್ತಿ ತೀರಿಕೊಂಡ, 1453ರಲ್ಲಿ ನಗರ ಬಿತ್ತು. ಇದೆಲ್ಲ ತಿಳಿದು ಪದಕ ಹಿಡಿದವನಿಗೆ ಆ ಬೋಳು ಬಂಡೆಗಳು ಬೇರೆಯೇ ಅರ್ಥ ಕೊಡುತ್ತವೆ. ಆ ಅರ್ಥ ಕಲಾವಿದನ ಉದ್ದೇಶವಾಗಿರಲು ಸಾಧ್ಯವಿಲ್ಲ. ಆದರೆ ಅದಕ್ಕೆ ಜಾಗ ಬಿಟ್ಟವನು ಅವನೇ.

ಆ ಟೊಪ್ಪಿಗೆಯ ಕಥೆಯೂ ಸ್ವಾರಸ್ಯವಾಗಿದೆ. ಪೂರ್ವದ ದೊರೆ ಹೇಗಿರುತ್ತಾನೆಂದು ಇಟಲಿಯ ಚಿತ್ರಕಾರರಿಗೆ ತಿಳಿಸಿದ್ದು ಈ ಪದಕವೇ. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಆರೆತ್ಸೊದ ಭಿತ್ತಿಚಿತ್ರದಲ್ಲಿ ಅದನ್ನು ಕಾನ್‌ಸ್ಟಾಂಟಿನ್ ಚಕ್ರವರ್ತಿಯ ತಲೆಗಿಟ್ಟ. ಇನ್ನೊಂದು ಚಿತ್ರದಲ್ಲಿ ಕ್ರಿಸ್ತನಿಗೆ ಛಡಿಯೇಟು ಬೀಳುವುದನ್ನು ನೋಡುತ್ತ ಕೂತ ಪಿಲಾತನ ತಲೆಗೂ ಇಟ್ಟ. ಪುಣ್ಯಾತ್ಮನಿಗೂ ಪಾಪಿಗೂ ಒಂದೇ ಟೊಪ್ಪಿಗೆ.

ಪದಕದ ಅಂಚಿನಲ್ಲಿ ಲ್ಯಾಟಿನ್ನಿನಲ್ಲೂ ಗ್ರೀಕಿನಲ್ಲೂ ಒಂದು ರುಜು ಇದೆ: ಚಿತ್ರಕಾರ ಪಿಸಾನೊನ ಕೃತಿ. ಶಿಲ್ಪಿ ಎಂದಾಗಲಿ, ಎರಕದವನೆಂದಾಗಲಿ ಅವನು ಕರೆದುಕೊಳ್ಳಲಿಲ್ಲ. ಕಂಚಿನಲ್ಲೂ ತಾನು ಮಾಡುತ್ತಿರುವುದು ಚಿತ್ರವೇ ಎಂದು ಕೊನೆಯವರೆಗೂ ಸಾರಿದ.

ಈ ಪದಕ ಶೂನ್ಯದಿಂದ ಹುಟ್ಟಿದ್ದೇನಲ್ಲ. ರೋಮನ್ ಚಕ್ರವರ್ತಿಗಳ ದೊಡ್ಡ ನಾಣ್ಯಗಳನ್ನು ಇಟಲಿಯ ಸಿರಿವಂತರು ಆಗಲೇ ಕೂಡಿಹಾಕುತ್ತಿದ್ದರು. 1390ರಲ್ಲಿ ಪಡುವಾ ನಗರವನ್ನು ಮರಳಿ ಗೆದ್ದ ಕರ್ರಾರಾ ಮನೆತನ ಅದರ ನೆನಪಿಗೆ ರೋಮನ್ ಧಾಟಿಯ ಪುಟ್ಟ ಪದಕ ಟಂಕಿಸಿತ್ತು. ಫ್ರಾನ್ಸಿನ ಬೆರಿ ಪ್ರಾಂತ್ಯದ ಡ್ಯೂಕನ ಬಳಿ ಕಾನ್‌ಸ್ಟಾಂಟಿನ್, ಹೆರಾಕ್ಲಿಯಸ್ ಚಕ್ರವರ್ತಿಗಳ ದೊಡ್ಡ ಪದಕಗಳಿದ್ದವು. ಪಿಸಾನೆಲ್ಲೊ ಮಾಡಿದ ಹೊಸತೆಂದರೆ ತಾನು ಕಂಡ ಮನುಷ್ಯನನ್ನು ಅದರೊಳಕ್ಕೆ ತಂದದ್ದು, ಟಂಕಿಸುವುದನ್ನು ಬಿಟ್ಟು ಎರಕ ಹೊಯ್ದದ್ದು.

ನಮ್ಮಲ್ಲಿ ನಾಣ್ಯಗಳ ದಾರಿ ಬೇರೆ. ವಿಜಯನಗರದ ವರಾಹಗಳಲ್ಲಿ ಉಮಾಮಹೇಶ್ವರರು, ಬಾಲಕೃಷ್ಣ, ಅಚ್ಯುತದೇವರಾಯನ ಕಾಲದ ಗಂಡಭೇರುಂಡ ಸಿಗುತ್ತವೆ. ಅರಸನ ಹೆಸರು ಸಿಗುತ್ತದೆ, ಅರಸನ ಮುಖ ಸಿಗುವುದಿಲ್ಲ. ಕೃಷ್ಣದೇವರಾಯನ ಲೋಹದ ಪ್ರತಿಮೆ ನೋಡಬೇಕೆಂದರೆ ತಿರುಮಲೆಗೆ ಹೋಗಬೇಕು. ಅಲ್ಲಿ ಅವನು ಇಬ್ಬರು ರಾಣಿಯರೊಡನೆ ದೇವರಿಗೆ ಕೈಮುಗಿದು ನಿಂತಿದ್ದಾನೆ.

ಎರಕದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪದಕದ ಸೌಂದರ್ಯ ಅಲ್ಲಿಂದಲೇ ಬಂದದ್ದು. ಟಂಕಿಸುವಾಗ ಗಟ್ಟಿ ಉಕ್ಕಿನ ಅಚ್ಚಿನಲ್ಲಿ ಚಿತ್ರವನ್ನು ತಿರುವುಮುರುವಾಗಿ, ಗುಳಿಯಾಗಿ ಕೊರೆಯಬೇಕು. ಕೈ ಬಿಗಿಯಾಗಿರುತ್ತದೆ, ಗೆರೆ ಬಿಗಿಯಾಗಿರುತ್ತದೆ, ಅಗಲವೂ ಏಟು ತಾಳುವಷ್ಟಕ್ಕೇ ಸೀಮಿತ. ಎರಕದ ಪದಕಕ್ಕೆ ಮೇಣವೇ ಮೂಲ. ಕಲ್ಲಿನ ಹಲಗೆಯ ಅಥವಾ ಮರದ ಬಿಲ್ಲೆಯ ಮೇಲೆ ಜೇನುಮೇಣವನ್ನು ಮೆತ್ತಿ, ಬೆರಳಿನಿಂದ ಒತ್ತಿ, ಸಣ್ಣ ಕಡ್ಡಿಯಿಂದ ಕೆರೆದು ಮುಖ ಬಿಡಿಸುತ್ತಾರೆ. ಕೆನ್ನೆ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಗೆರೆಯೆಳೆದು ಹೇಳಬೇಕಾಗಿಲ್ಲ, ಮೇಣ ಇಳಿಜಾರಾಗಿ ಸರಿದರೆ ಸಾಕು. ಇಡೀ ಮುಖದ ಉಬ್ಬು ಕೆಲವೇ ಮಿಲಿಮೀಟರ್. ಎರಡು ಬದಿಗೆ ಎರಡು ಮೇಣದ ಮಾದರಿ. ಅವುಗಳ ಮೇಲೆ ನಯವಾದ ಮಣ್ಣಿನ ಅಥವಾ ಗಾರೆಯ ಅಚ್ಚು ತೆಗೆದು, ಎರಡು ಅಚ್ಚನ್ನೂ ಜೋಡಿಸಿ, ನಡುವಿನ ಟೊಳ್ಳಿಗೆ ಕರಗಿದ ಕಂಚು ಹೊಯ್ಯುವುದು. ಆರಿದ ಮೇಲೆ ಕಂಚು ಹೊಯ್ದ ದಾರಿಯಲ್ಲಿ ಉಳಿದ ಬಾಲ ಕತ್ತರಿಸಿ, ಅಂಚು ಅರದಿಂದ ಉಜ್ಜಿ, ಬೇಕಾದಲ್ಲಿ ಉಳಿಯಿಂದ ತಿದ್ದಿ, ಮೇಲೆ ಕಂದುಬಣ್ಣ ಏರಿಸುತ್ತಾರೆ. ಪಿಸಾನೆಲ್ಲೊನ ಒಳ್ಳೆಯ ಪ್ರತಿಗಳಲ್ಲಿ ಉಳಿಯ ಗುರುತು ಕಡಿಮೆ. ಮೇಣದ ಮೆದುತನವೇ ಕಂಚಿನಲ್ಲಿ ನಿಂತಿರುತ್ತದೆ.

ಮೇಣದ ಎರಕ ನಮಗೆ ಹೊಸದಲ್ಲವೆಂದು ಈ ಸಭೆಗೆ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ವಿಗ್ರಹದ ಎರಕ ವಿವರಿಸುತ್ತ, ಮೇಣದ ಮಾದರಿಯನ್ನು ಮೊದಲು ತೂಗಿ ಅದರ ಇಷ್ಟುಪಟ್ಟು ಲೋಹ ತೆಗೆದುಕೊಳ್ಳಬೇಕೆಂಬ ಲೆಕ್ಕ ಕೊಡುತ್ತಾನೆ. ಕಂಚು ಜೇನುಮೇಣಕ್ಕಿಂತ ಹೆಚ್ಚುಕಡಿಮೆ ಒಂಬತ್ತು ಪಟ್ಟು ಭಾರ. ಆ ಲೆಕ್ಕ ತಪ್ಪಿದರೆ ಅಚ್ಚು ತುಂಬುವ ಮೊದಲೇ ಲೋಹ ಮುಗಿದು ವಿಗ್ರಹ ಅರ್ಧಕ್ಕೆ ನಿಲ್ಲುತ್ತದೆ. ಅರಸನೊಬ್ಬ ಇಂಥ ಕಸುಬಿನ ಮಾತು ಬರೆದಿಟ್ಟದ್ದು ಸಣ್ಣ ಸಂಗತಿಯಲ್ಲ.

ಎರಕಕ್ಕೆ ಒಂದು ಗುಣವಿದೆ, ಪದಕ ಪರೀಕ್ಷಿಸುವವರು ಅದನ್ನೇ ನೆಚ್ಚಿಕೊಂಡಿರುತ್ತಾರೆ. ಕಂಚು ಆರುವಾಗ ನೂರಕ್ಕೆ ಒಂದೆರಡು ಭಾಗ ಕುಗ್ಗುತ್ತದೆ. ಯಾರಾದರೂ ಹಳೆಯ ಪದಕದಿಂದಲೇ ಅಚ್ಚು ತೆಗೆದು ಮತ್ತೊಂದು ಹೊಯ್ದರೆ ಅದು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದು; ಅದರಿಂದ ಹೊಯ್ದದ್ದು ಇನ್ನೂ ಚಿಕ್ಕದು. ಅಕ್ಷರದ ಮೂಲೆಗಳು ಮೊಂಡಾಗುತ್ತ ಬರುತ್ತವೆ. ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಹಿಲ್ 1930ರಲ್ಲಿ ಇಟಲಿಯ ಪದಕಗಳ ಮಹಾಸೂಚಿ ಪ್ರಕಟಿಸಿದಾಗ ಪ್ರತಿಯೊಂದರ ವ್ಯಾಸವನ್ನೂ ಮಿಲಿಮೀಟರಿನಲ್ಲಿ ನಮೂದಿಸಿದ. ಒಣ ಅಂಕಿಗಳಂತೆ ಕಾಣುವ ಅವು ಮಕ್ಕಳು ಮೊಮ್ಮಕ್ಕಳ ವಂಶಾವಳಿಯಾಗಿ ಕೆಲಸ ಮಾಡುತ್ತವೆ.

ಈಗ ಸಂಕೇತಗಳಿಗೆ ಬರುತ್ತೇನೆ. ಫೆರಾರಾದ ಮುಂದಿನ ಅರಸ ಲಿಯೊನೆಲ್ಲೊ ದೆಸ್ತೆ ಪಿಸಾನೆಲ್ಲೊನ ದೊಡ್ಡ ಪೋಷಕ, ಪಂಡಿತ, ನಾಣ್ಯಪ್ರಿಯ. ಅವನ ಒಂದು ಪದಕದ ಹಿಂಬದಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ಲಿಂಕ್ಸ್ ಎಂಬ ಕಾಡುಬೆಕ್ಕು ದಿಂಬಿನ ಮೇಲೆ ಕೂತಿದೆ. ಎಲ್ಲ ಪ್ರಾಣಿಗಳಿಗಿಂತ ಚುರುಕು ಕಣ್ಣಿನದೆಂದು ಹೆಸರಾದ ಪ್ರಾಣಿಗೇ ಪಟ್ಟಿ! ಆಳುವವನು ಕಂಡರೂ ಕಾಣದಂತಿರಬೇಕಾದ ಹೊತ್ತುಗಳಿರುತ್ತವೆ ಎಂಬುದು ಒಂದು ವಿವರಣೆ. ಇನ್ನೊಂದರಲ್ಲಿ ಮೂರು ಮುಖದ ಮಗುವಿನ ತಲೆ. 1444ರ ಮದುವೆ ಪದಕದಲ್ಲಿ ಒಂದು ಸಿಂಹ. ಅದರೆದುರು ಪುಟ್ಟ ಮನ್ಮಥ ಸ್ವರಲಿಪಿಯ ಸುರುಳಿ ಹಿಡಿದು ಹಾಡು ಕಲಿಸುತ್ತಿದ್ದಾನೆ. ಲಿಯೊನೆಲ್ಲೊ ಎಂದರೆ ಮರಿಸಿಂಹ, ಆದ್ದರಿಂದ ಸಿಂಹ ಯಾರೆಂದು ಆಗಿನವರಿಗೆ ಹೇಳಬೇಕಾಗಿರಲಿಲ್ಲ. ಬಾಯಿ ತೆರೆದು ಪಾಠ ಒಪ್ಪಿಸುತ್ತಿರುವ ಆ ಸಿಂಹದ ಮೋರೆಯಲ್ಲಿ ವರನ ಸಂಕೋಚವಿದೆ. ಮುಂಬದಿಯಲ್ಲಿ ಹೆಸರಿನ ಜೊತೆಗೆ ಮೊಟಕು ಅಕ್ಷರಗಳಲ್ಲಿ ಅವನು ಅರಗಾನ್ ದೊರೆಯ ಅಳಿಯ ಎಂದೂ ಬರೆದಿದೆ. ಬೀಗತನದ ಹೆಮ್ಮೆ ಮುಂದೆ, ಪ್ರೀತಿಯ ತಮಾಷೆ ಹಿಂದೆ.

ಇವೆಲ್ಲವನ್ನೂ ಮೀರಿಸಿದ್ದು ಚೆಚೀಲಿಯಾ ಗೊನ್‌ಜಾಗಾಳ ಪದಕ. ಅವಳು ಮಾಂತೋವಾದ ಅರಸನ ಮಗಳು, 1426ರಲ್ಲಿ ಹುಟ್ಟಿದವಳು. ಆ ಅರಮನೆಯಲ್ಲಿ ವಿತ್ತೊರೀನೊ ದ ಫೆಲ್ತ್ರೆ ಎಂಬ ಹೆಸರಾಂತ ಗುರು ಶಾಲೆ ನಡೆಸುತ್ತಿದ್ದ. ಹುಡುಗರ ಜೊತೆ ಅವಳೂ ಕಲಿತಳು, ಎಳೆಯ ವಯಸ್ಸಿನಲ್ಲೇ ಗ್ರೀಕ್ ಓದಿ ನೋಡಿದವರನ್ನು ಬೆರಗುಗೊಳಿಸಿದಳು. ಅಪ್ಪ ಅವಳನ್ನು ಉರ್ಬಿನೊದ ಒದ್ದಾಂತೋನಿಯೊ ದ ಮೊಂತೆಫೆಲ್ತ್ರೊಗೆ ಕೊಡಬೇಕೆಂದ. ಅವಳು ಸನ್ಯಾಸಿನಿಯಾಗುತ್ತೇನೆಂದಳು. ಅಪ್ಪ ಒಪ್ಪಲಿಲ್ಲ, ಮಗಳು ಮಣಿಯಲಿಲ್ಲ. ಆ ವರ ಎಂಥವನೆಂದರೆ 1444ರಲ್ಲಿ ಅವನ ಊರವರೇ ಅವನನ್ನು ಕೊಂದರು. ಅದೇ ವರ್ಷ ಅಪ್ಪನೂ ತೀರಿಕೊಂಡ. 1445ರಲ್ಲಿ ಅವಳು ತಾಯಿಯೊಡನೆ ಮಠ ಸೇರಿದಳು.

ಪದಕದ ಮೇಲಿರುವ ವರ್ಷ 1447. ಅಷ್ಟು ಹೊತ್ತಿಗೆ ಅವಳು ಸನ್ಯಾಸಿನಿ. ಆದರೂ ಮುಂಬದಿಯಲ್ಲಿ ಅವಳಿಗೆ ಮುಸುಕಿಲ್ಲ. ಅರಮನೆಯ ಉಡುಪು, ಹಿಂದಕ್ಕೆ ಎತ್ತಿ ಕಟ್ಟಿದ ಕೂದಲು, ನೀಳ ಕುತ್ತಿಗೆ. ಸುತ್ತಲಿನ ಬರಹ ಅವಳ ಹೆಸರಿನ ನಂತರ ಕನ್ಯೆ ಎಂದು ಸಾರಿ, ಆಮೇಲೆ ಅಪ್ಪನ ಹೆಸರನ್ನೂ ಪದವಿಯನ್ನೂ ಪೂರ್ತಿಯಾಗಿ ಹೇಳುತ್ತದೆ. ಯಾವ ಅಪ್ಪನ ಮಾತು ಮೀರಿ ಬದುಕು ಆರಿಸಿಕೊಂಡಳೋ ಅವನ ಹೆಸರೇ ಅವಳ ಮುಖವನ್ನು ಸುತ್ತುವರಿದಿದೆ.

ತಿರುಗಿಸಿದರೆ ರಾತ್ರಿ. ಮೇಲೆ ಬಿದಿಗೆಯ ಚಂದ್ರ, ಕೆಳಗೆ ಗುಡ್ಡಗಾಡು. ಅರೆಬೆತ್ತಲೆ ಹೆಣ್ಣೊಬ್ಬಳು ನೆಲದ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಒಂಟಿಕೊಂಬಿನ ಮೃಗ ಸದ್ದಿಲ್ಲದೆ ಮಲಗಿದೆ, ಅದರ ತಲೆಯ ಮೇಲೆ ಅವಳ ಕೈ. ಯಾವ ಬೇಟೆಗಾರನಿಗೂ ಸಿಗದ ಆ ಮೃಗ ಕನ್ಯೆಯ ಮಡಿಲಿಗೆ ತಾನಾಗಿ ಬರುತ್ತದೆಂಬುದು ಯುರೋಪಿನ ಹಳೆಯ ನಂಬಿಕೆ. ಅದು ಕ್ರಿಸ್ತನ ಸಂಕೇತವೂ ಹೌದು. ಚಂದ್ರ ಕನ್ಯಾದೇವತೆ ಡಯಾನಾಳ ಗುರುತು. ಇಷ್ಟು ಅರ್ಥ ಯಾವ ಕೋಶದಲ್ಲಾದರೂ ಸಿಗುತ್ತದೆ. ಕೋಶದಲ್ಲಿ ಸಿಗದಿರುವುದು ಆ ಮೃಗದ ಮೈ. ಬೇರೆ ಚಿತ್ರಕಾರರು ಒಂಟಿಕೊಂಬನ್ನು ಬಿಳಿ ಕುದುರೆಯಂತೆ ಬರೆದರೆ ಪಿಸಾನೆಲ್ಲೊ ಹೋತದ ಮೈ ಕೊಟ್ಟ. ಜಡೆಗಟ್ಟಿದ ರೋಮ ಎಳೆಎಳೆಯಾಗಿ ಜೋತಿದೆ, ನೆಲಕ್ಕೆ ಒತ್ತಿದ ಹೊಟ್ಟೆಯ ಭಾರ ಕಾಣುತ್ತದೆ. ಜೀವಮಾನವಿಡೀ ಪ್ರಾಣಿಗಳನ್ನು ನೋಡಿ ನೋಡಿ ಬರೆದ ಕೈ ಅದು. ಇಲ್ಲದ ಮೃಗಕ್ಕೂ ಇರುವ ಮೃಗದ ವಾಸನೆ ಬರಿಸಿತು. ಹಾಗಾಗಿ ಇದು ಶೀಲದ ಬಗೆಗಿನ ಒಣ ರೂಪಕವಾಗಿ ಉಳಿಯಲಿಲ್ಲ. ಅಪಾಯವಿರುವ, ಕೊಂಬಿರುವ ಒಂದು ಜೀವಿ ಅವಳ ಕೈಕೆಳಗೆ ಸುಮ್ಮನಾಗಿದೆ. ಈಗ ಮತ್ತೆ ಮುಖಕ್ಕೆ ಬನ್ನಿ. ಮೊದಲು ಸೌಮ್ಯ ರಾಜಕುಮಾರಿಯಂತೆ ಕಂಡವಳ ಗಲ್ಲದಲ್ಲಿ ಹಟ ಕಾಣುತ್ತದೆ.

ಈ ಒಂಟಿಕೊಂಬಿನ ಕಥೆಯ ಬೇರು ನಮ್ಮ ಋಷ್ಯಶೃಂಗನಲ್ಲಿರಬಹುದೆಂದು ಕೆಲವು ವಿದ್ವಾಂಸರು ಚರ್ಚಿಸಿದ್ದಾರೆ: ಕೊಂಬಿನ ಹುಡುಗ, ಹೆಣ್ಣನ್ನೇ ಕಾಣದ ತಪಸ್ವಿ, ಅವನನ್ನು ಕಾಡಿನಿಂದ ಕರೆತಂದ ಹೆಣ್ಣು, ಬೌದ್ಧ ಕಥೆಯಲ್ಲಂತೂ ಅವನು ಏಕಶೃಂಗನೇ. ಶೃಂಗೇರಿಯ ಹತ್ತಿರ ಕಿಗ್ಗದ ಋಷ್ಯಶೃಂಗೇಶ್ವರನ ಗುಡಿಗೆ ಮಳೆಗಾಗಿ ಹೋಗುವವರಿಗೆ ಮಾಂತೋವಾದ ಈ ಪದಕದ ನೆನಪು ಬರಬೇಕಾಗಿಲ್ಲ, ಆದರೆ ನನಗೆ ಬರುತ್ತದೆ.

ಅವಳ ಗುರು ವಿತ್ತೊರೀನೊಗೂ ಪಿಸಾನೆಲ್ಲೊ ಒಂದು ಪದಕ ಮಾಡಿದ. ಹಿಂಬದಿಯಲ್ಲಿ ತನ್ನ ಎದೆ ಕುಕ್ಕಿಕೊಂಡು ರಕ್ತದಿಂದ ಮರಿಗಳನ್ನು ಸಾಕುವ ಪೆಲಿಕನ್ ಹಕ್ಕಿ. ಬಡ ಮಕ್ಕಳಿಗೆ ಪುಕ್ಕಟೆ ಕಲಿಸಿ, ಇದ್ದದ್ದನ್ನೆಲ್ಲ ಕೊಟ್ಟ ಮೇಷ್ಟ್ರು ಅವನು. ದೊರೆಗಳ ಸಾಲಿನಲ್ಲಿ ಒಬ್ಬ ಮೇಷ್ಟ್ರ ಮುಖ ಕಂಚಿನಲ್ಲಿ ನಿಂತದ್ದು ಸಂತೋಷದ ವಿಷಯ.

ಪಿಸಾನೆಲ್ಲೊನ ನಂತರದವರಲ್ಲಿ ಮತ್ತೆಯೊ ದೆ ಪಾಸ್ತಿ ಮುಖ್ಯ. ರಿಮಿನಿಯ ಒಡೆಯ ಸಿಜಿಸ್ಮೊಂದೊ ಮಾಲಾತೆಸ್ತಾನಿಗಾಗಿ ಅವನು ಮಾಡಿದ ಪದಕಗಳನ್ನು ಕೋಟೆಯ, ಚರ್ಚಿನ ಗೋಡೆಗಳೊಳಗೆ ಹೂತಿಟ್ಟಿದ್ದರು. ಕಟ್ಟಡ ಬಿದ್ದರೂ ಒಡೆಯನ ಹೆಸರು ಹೊರಬರಲಿ ಎಂಬ ದೂರಾಲೋಚನೆ. ಹೊರಬಂದೂ ಬಂದವು. ಅವನ 1450ರ ಒಂದು ಪದಕದ ಹಿಂಬದಿಯಲ್ಲಿ ಲಿಯೊನ್ ಬಾತ್ತಿಸ್ತಾ ಆಲ್ಬೆರ್ತಿ ಯೋಜಿಸಿದ ರಿಮಿನಿಯ ಚರ್ಚು ದೊಡ್ಡ ಗುಮ್ಮಟದೊಡನೆ ನಿಂತಿದೆ. ಆ ಗುಮ್ಮಟ ಕಟ್ಟಲೇ ಇಲ್ಲ. ಇವತ್ತಿಗೂ ಅದನ್ನು ನೋಡಬೇಕಾದವರು ಈ ಪದಕವನ್ನೇ ತಿರುಗಿಸಬೇಕು. ಅದೇ ಆಲ್ಬೆರ್ತಿಗೆ ಮತ್ತೆಯೊ ಮಾಡಿದ ಪದಕದಲ್ಲಿ ರೆಕ್ಕೆ ಮೂಡಿದ ಒಂದು ಕಣ್ಣು, ಕೆಳಗೆ ಲ್ಯಾಟಿನ್ನಿನ ಎರಡೇ ಪದ: ಮುಂದೇನು? ಐದು ಶತಮಾನಗಳಿಂದ ಪಂಡಿತರು ಅದಕ್ಕೆ ಅರ್ಥ ಹೇಳುತ್ತಲೇ ಇದ್ದಾರೆ, ಕಣ್ಣು ಒಪ್ಪಿಕೊಂಡಂತೆ ಕಾಣುವುದಿಲ್ಲ.

ಫ್ಲಾರೆನ್ಸಿನಲ್ಲಿ ಈ ಕಲೆ ರಕ್ತದ ಸುದ್ದಿ ಹೊತ್ತಿತು. 1478ರ ಏಪ್ರಿಲ್ 26, ಭಾನುವಾರ, ಮಹಾಚರ್ಚಿನಲ್ಲಿ ಪೂಜೆ ನಡೆಯುತ್ತಿದ್ದಾಗ ಪಾತ್ಸಿ ಮನೆತನದವರ ಸಂಚಿನಂತೆ ಊರಿನ ಆಡಳಿತ ಹಿಡಿದಿದ್ದ ಮೆದಿಚಿ ಸಹೋದರರ ಮೇಲೆ ಕಠಾರಿಗಳು ಎರಗಿದವು. ಜೂಲಿಯಾನೊ ಸತ್ತ, ಲೊರೆನ್ಸೊ ಗಾಯಗೊಂಡು ಪಾರಾದ. ಅದೇ ವರ್ಷ ಬೆರ್ತೋಲ್ದೊ ದಿ ಜೊವಾನ್ನಿ ಮಾದರಿ ಮಾಡಿಕೊಟ್ಟ ಪದಕವನ್ನು ಪ್ರಾತೊದ ಆಂದ್ರೆಯಾ ಗ್ವಾತ್ಸಲೊತ್ತಿ ಎರಕ ಹೊಯ್ದ. ಇಲ್ಲಿ ಹಿಂದೆ ಮುಂದೆ ಎಂಬುದೇ ಇಲ್ಲ. ಒಂದು ಬದಿಗೆ ಲೊರೆನ್ಸೊ, ಇನ್ನೊಂದು ಬದಿಗೆ ಜೂಲಿಯಾನೊ. ಚರ್ಚಿನೊಳಗಿನ ಎಂಟು ಮೂಲೆಯ ಗಾಯಕರ ಕಟ್ಟೆಯ ಮೇಲೆ ಅವರ ಬೃಹತ್ ತಲೆ. ಕೆಳಗೆ ಇರುವೆಗಾತ್ರದ ಜನ ಇರಿಯುತ್ತಿದ್ದಾರೆ, ಓಡುತ್ತಿದ್ದಾರೆ, ಪಾದ್ರಿಗಳು ಪೂಜೆ ನಡೆಸುತ್ತಲೇ ಇದ್ದಾರೆ. ಉಳಿದವನ ಪಕ್ಕದಲ್ಲಿ 'ಜನರ ಕ್ಷೇಮ' ಎಂದೂ ಸತ್ತವನ ಪಕ್ಕದಲ್ಲಿ 'ಜನರ ಶೋಕ' ಎಂದೂ ಬರೆದಿದೆ. ಮೆದಿಚಿಗಳ ಕ್ಷೇಮವೇ ಊರಿನ ಕ್ಷೇಮ ಎಂಬ ಹೇಳಿಕೆ ಇದು. ಊರಿನಲ್ಲಿ ಎಲ್ಲರೂ ಒಪ್ಪದ ಹೇಳಿಕೆ. ಕುಶಲ ಕೃತಿ, ನಿಜ. ಆದರೆ ಪದಕ ಇಲ್ಲಿ ಪ್ರಶ್ನೆ ಬಿಟ್ಟು ಪ್ರಚಾರಕ್ಕೆ ಇಳಿದದ್ದನ್ನೂ ಗಮನಿಸಬೇಕು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಕಾನ್‌ಸ್ಟಾಂಟಿನೋಪಲ್ ಗೆದ್ದ ಸುಲ್ತಾನ ಎರಡನೆಯ ಮೆಹ್ಮೆದ್ ಇಟಲಿಯಿಂದ ಕಲಾವಿದರನ್ನು ಕರೆಸಿಕೊಂಡ. ವೆನಿಸ್ಸಿನ ಜೆಂತೀಲೆ ಬೆಲ್ಲೀನಿ ಮಾಡಿದ ಪದಕದ ಹಿಂಬದಿಯಲ್ಲಿ ಮೂರು ಕಿರೀಟಗಳಿವೆ. ಕೊಸ್ತಾಂತ್ಸೊ ದ ಫೆರಾರಾ ಮಾಡಿದ್ದರಲ್ಲಿ ಸುಲ್ತಾನ ಬೋಳುಮರಗಳ ನಡುವೆ ಕುದುರೆಯೇರಿ ಹೊರಟಿದ್ದಾನೆ. ನಾಲ್ಕು ದಶಕ ಹಿಂದೆ ಅದೇ ನಗರದ ಹಳೆಯ ಒಡೆಯ ಕುದುರೆಯ ಮೇಲೆ ಕೂತು ಶಿಲುಬೆಗೆ ಕೈಮುಗಿದಿದ್ದ. ಎರಡೂ ಪದಕವನ್ನು ಪಕ್ಕಪಕ್ಕ ಇಟ್ಟವರಿಗೆ ಆ ನಗರದ ಚರಿತ್ರೆಯನ್ನು ಮತ್ತೆ ಹೇಳಬೇಕಾಗಿಲ್ಲ.

ಮುಂದಿನ ಎರಡು ಶತಮಾನಗಳನ್ನು ನಾನು ಬೇಗ ದಾಟುತ್ತೇನೆ. ಯಂತ್ರಗಳು ಬಂದವು, ಪದಕ ಮತ್ತೆ ಟಂಕಸಾಲೆಗೆ ಮರಳಿತು. 1663ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ಪದಕಗಳಿಗೆ ಚಿತ್ರ, ಬರಹ ಗೊತ್ತುಮಾಡಲು ಪಂಡಿತರ ಒಂದು ಮಂಡಳಿಯೇ ಸೇರಿತು. ದೊರೆಯ ಪ್ರತಿ ಗೆಲುವಿಗೂ ಒಂದೊಂದು ಪದಕ. ಮುಂದೆ ಅದೇ ಮುಖ, ಹಿಂದೆ ಸಭೆಯಲ್ಲಿ ಒಪ್ಪಿತವಾದ ಅರ್ಥ. ಕಸುಬು ಅಚ್ಚುಕಟ್ಟು, ಬೇಸರವೂ ಅಷ್ಟೇ ಅಚ್ಚುಕಟ್ಟು.

ಈ ಟಂಕಸಾಲೆಯ ಪದಕ ನಮ್ಮ ನೆಲಕ್ಕೂ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ ಪದಕವನ್ನು ಬರ್ಮಿಂಗ್‌ಹ್ಯಾಮಿನ ಬಳಿ ಮ್ಯಾಥ್ಯೂ ಬೌಲ್ಟನ್ನನ ಸೋಹೊ ಟಂಕಸಾಲೆಯಲ್ಲಿ ಹೊಡೆದರು. ಅಚ್ಚು ಕೊರೆದವನು ಕಾನ್ರಾಡ್ ಕೂಶ್ಲರ್. ದರ್ಜೆಗೆ ತಕ್ಕ ಲೋಹ: ಮೇಲಿನವರಿಗೆ ಚಿನ್ನ, ಆಮೇಲೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಹವಾಲ್ದಾರ್ ದರ್ಜೆಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ಒಂದು ಬದಿಯಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯ. ಇನ್ನೊಂದರಲ್ಲಿ ಹುಲಿಯನ್ನು ಕೆಡವಿದ ಸಿಂಹ, ಬಾವುಟದಲ್ಲಿ ಅರಬ್ಬಿ ಬರಹ: ಅಸದುಲ್ಲಾಹ್ ಅಲ್‌ಗಾಲಿಬ್, ದೇವರ ಸಿಂಹ ಗೆಲ್ಲುವುದು. ಅದು ಟಿಪ್ಪುವಿನದೇ ಮಾತು. ಹುಲಿಯ ಮೋರೆಯ ಆಕಾರದಲ್ಲಿ ಅದೇ ಅಕ್ಷರಗಳನ್ನು ಹೆಣೆದು ಅವನು ತನ್ನ ಆಯುಧ, ಬಾವುಟಗಳ ಮೇಲೆ ಹಾಕಿಸಿಕೊಂಡಿದ್ದ. ಊರು, ಖಜಾನೆಗಳ ಜೊತೆಗೆ ಅವನ ಸಂಕೇತವನ್ನೂ ಲೂಟಿ ಮಾಡಿ ಅವನ ಹುಲಿಯ ಮೇಲೆ ಊರಿದರು. ಸಂಕೇತ ಬಲ್ಲವರೇ ಮಾಡಿದ ಕೆಲಸ, ಕ್ರೂರವಾದರೂ ಚುರುಕಾದದ್ದು.

ಆದರೆ ಅದರಲ್ಲಿ ಯಾರ ಮುಖವೂ ಇಲ್ಲ. ಭಾವಚಿತ್ರ ಪದಕವೆಂದರೆ ಅದೇ ಕೂಶ್ಲರ್ ಅದಕ್ಕೆ ಮೊದಲು ಕೊರೆದದ್ದು. 1792ರಲ್ಲಿ ಮೂರನೆಯ ಮೈಸೂರು ಯುದ್ಧ ಮುಗಿದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡುವುದಾಗಿ ಒಪ್ಪಿ, ಹಣ ಸಲ್ಲುವವರೆಗೆ ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಿಡಬೇಕಾಯಿತು. ಪದಕದ ಮುಂಬದಿಯಲ್ಲಿ ಕಂಪನಿಯ ಪಡೆ ನಡೆಸಿದ ಕಾರ್ನ್‌ವಾಲಿಸ್, ಸುತ್ತಲೂ ಅವನನ್ನು ಅತಿ ಚುರುಕಿನ ಸೇನಾನಿ ಎಂದು ಹೊಗಳುವ ಲ್ಯಾಟಿನ್. ಹಿಂಬದಿಯಲ್ಲಿ ಅವನು ಆ ಇಬ್ಬರು ಹುಡುಗರನ್ನು ಬರಮಾಡಿಕೊಳ್ಳುತ್ತಿದ್ದಾನೆ. ಮೇಲೆ 'ಶತ್ರುವನ್ನು ಮನ್ನಿಸುವುದು ಧರ್ಮವಾಗಲಿ' ಎಂಬರ್ಥದ ಬರಹ, ಕೆಳಗೆ ಸೋತ ಸುಲ್ತಾನ ಟಿಪ್ಪುವಿನಿಂದ ಒತ್ತೆಯಾಳುಗಳ ಸ್ವೀಕಾರ ಎಂದು, ವರ್ಷದೊಡನೆ.

ಕೊರೆತ ಬಲು ನಾಜೂಕು. ಉಡುಪಿನ ಮಡಿಕೆಗಳೆಲ್ಲ ಎಣಿಸುವಂತಿವೆ. ಆದರೆ ಹಿಂಬದಿ ಮುಂಬದಿಗೆ ಹೊಸದೇನನ್ನೂ ಸೇರಿಸುವುದಿಲ್ಲ. ವಕೀಲನಂತೆ ಅದರ ಪರವಾಗಿ ವಾದ ಮಾಡುತ್ತದೆ. ತಿರುಗಿಸಿ ಮತ್ತೆ ನೋಡಿದರೆ ಕಾರ್ನ್‌ವಾಲಿಸನ ಮುಖ ಮೊದಲಿದ್ದಂತೆಯೇ ಇರುತ್ತದೆ. ಹಣ ಮತ್ತು ನೆಲದ ಲೆಕ್ಕ ಗೊತ್ತಿದ್ದವರಿಗೆ ಮಾತ್ರ ಆ ಕರುಣೆಯ ಮಾತು ಬೇರೆಯಾಗಿ ಕೇಳಿಸುತ್ತದೆ, ಅದಕ್ಕೆ ಕಲಾವಿದ ಕಾರಣನಲ್ಲ. ಬರಹದಲ್ಲಿ ಕಾರ್ನ್‌ವಾಲಿಸನ ಹೆಸರಿದೆ, ಟಿಪ್ಪುವಿನ ಹೆಸರಿದೆ, ಹುಡುಗರ ಹೆಸರಿಲ್ಲ. ಅವರು ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ಮದರಾಸಿನಲ್ಲಿ ಒತ್ತೆಯಿದ್ದು, ಹಣ ಸಂದ ಮೇಲೆ 1794ರಲ್ಲಿ ತಂದೆಯ ಬಳಿಗೆ ಮರಳಿದರು.